ಎಣ್ಣೆಯಲ್ಲಿ ನೆನೆದ ಬೆಲ್ಟು ಮತ್ತು ನಮ್ಮ ಮಾಮಾ

ನಮ್ಮ ಮಾಮಾನನ್ನು ಮದುವೆಗೆ ಕರೆಯುವವರಿಗೆ ನನ್ನದೊಂದು ಕಿವಿಮಾತು. ಅಕ್ಷತೆಯ ಹೊತ್ತಿಗೆ ಅವನು ಮಂಟಪದಲ್ಲಿ ಇರುತ್ತಾನೆಂದು ನಂಬಬೇಡಿ. ಹೊರಗೆ ನಿಂತ ಕಾರುಗಳ ಸಾಲಿನಲ್ಲಿ ಹುಡುಕಿ. ಬಿಳಿ ಧೋತರ, ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಕೈಯಲ್ಲಿ ಬ್ಯಾಟರಿ. ಯಾರದೋ ಕಾರಿನ ಬಾನೆಟ್ಟಿನೊಳಗೆ ಸೊಂಟದ ತನಕ ಇಳಿದ ಮನುಷ್ಯ ಕಂಡರೆ ಅವನೇ! ನನ್ನ ಅವ್ವನ ಒಡಹುಟ್ಟಿದ ತಮ್ಮ, ಆಳಂದದಲ್ಲಿ ತೊಗರಿ ಒಡೆಯುವ ದಾಲ್ ಮಿಲ್ಲಿನ ಮಾಲೀಕ. ಊರವರು ಅವನನ್ನು ಅರೆಹುಚ್ಚ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅವನು ಯಾವುದನ್ನೂ ಅರ್ಧಕ್ಕೆ ಬಿಡುವ ಪೈಕಿ ಅಲ್ಲ.

ಮಿಲ್ಲಿನಲ್ಲಿ ಮೋಟಾರಿನಿಂದ ಯಂತ್ರಕ್ಕೆ ಉದ್ದುದ್ದ ಬೆಲ್ಟುಗಳು ಓಡುತ್ತವೆ. ಅವುಗಳ ಮೇಲೆ ಒಂದು ಹನಿ ಎಣ್ಣೆ ಬಿದ್ದರೂ ಜಾರುತ್ತವೆ, ಕೆಲಸ ನಿಲ್ಲುತ್ತದೆ. "ಬೆಲ್ಟಿಗೆ ಎಣ್ಣಿ ಬಿತ್ತಂದ್ರ ಬೆಲ್ಟ್ ಸತ್ತಂಗ ಲೇ" ಎಂದು ಆಳುಗಳಿಗೆ ಹೇಳಿ ಹೇಳಿ ಮಾಮಾನ ಗಂಟಲು ಒರಟಾಗಿದೆ. ಹೀಗಿರುವಾಗ ಒಂದು ದಿನ ಹೊಸ ಕಾರನ್ನು ಸರ್ವೀಸಿಗೆ ಒಯ್ದಿದ್ದಾನೆ. ಎಂಜಿನ್ನಿನ ಬೆಲ್ಟು ಎಲ್ಲಿದೆ ಎಂದು ಸಹಜವಾಗಿ ಕೇಳಿದ್ದಾನೆ. ಅಲ್ಲಿದ್ದವನು ಅಷ್ಟೇ ಸಹಜವಾಗಿ, "ಒಳಗ ಎಣ್ಣಿಯಾಗ ಇರ್ತದ್ರಿ. ಮೀನು ನೀರಾಗ ಇದ್ದಂಗ" ಎಂದಿದ್ದಾನೆ.

"ಮೀನಿಗೆ ಈಸು ಬರ್ತದಪ್ಪ. ರಬ್ಬರಿಗೆ ಏನ್ ಬರ್ತದ?"

ಅಲ್ಲಿದ್ದವನು ಬಿಲ್ಲು ಚಾಚಿದ. ಅಂದು ರಾತ್ರಿ ಮಾಮಾನಿಗೆ ನಿದ್ದೆ ಬರಲಿಲ್ಲ. ಮರುದಿನದಿಂದ ಅವನು ಮಿಲ್ಲನ್ನು ಅತ್ತೆಗೆ ಒಪ್ಪಿಸಿ ಬೆಲ್ಟಿನ ಬೆನ್ನು ಹತ್ತಿದ. ಕಲಬುರಗಿಯ ಗ್ಯಾರೇಜುಗಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ, ಬಿಚ್ಚಿದ ಎಂಜಿನ್ನುಗಳನ್ನು ಮೂಸಿದ, ಹಳೆಯ ಬೆಲ್ಟುಗಳನ್ನು ಮನೆಗೆ ತಂದು ಗೂಟಕ್ಕೆ ತೂಗುಹಾಕಿದ. ಕತ್ತಲಲ್ಲಿ ಅವನ್ನು ಕಂಡು ಅತ್ತೆ ಹಾವೆಂದು ಕಿರುಚಿದ್ದುಂಟು.

ಅವನ ಬಾಯಿಂದ ನಾನು ತಿಳಿದದ್ದು ಇಷ್ಟು. ಎಂಜಿನ್ನಿನ ಕೆಳಗೆ ತಿರುಗುವ ದಂಡಕ್ಕೂ ಮೇಲೆ ತೆರೆದು ಮುಚ್ಚುವ ವಾಲ್ವುಗಳಿಗೂ ತಾಳ ತಪ್ಪದಂತೆ ನೋಡಿಕೊಳ್ಳುವುದು ಒಂದು ಹಲ್ಲಿನ ಪಟ್ಟಿ. ಕೆಲವು ಕಾರುಗಳಲ್ಲಿ ಅದು ಕಬ್ಬಿಣದ ಚೈನು, ಕೆಲವಲ್ಲಿ ಒಣ ಬೆಲ್ಟು, ಕೆಲವಲ್ಲಿ ಎಣ್ಣೆಯೊಳಗೇ ಓಡುವ ಬೆಲ್ಟು. ಅದಕ್ಕೆಂದೇ ಮಾಡಿದ ಎಣ್ಣೆ ಹಾಕಿದರೆ ಸುಖವಾಗಿರುತ್ತದೆ. ಬೇರೆ ಎಣ್ಣೆ ಕುಡಿಸಿದರೆ ಉಬ್ಬುತ್ತದೆ, ಪುಡಿಯಾಗುತ್ತದೆ, ಕೊನೆಗೊಂದು ದಿನ ಹರಿಯುತ್ತದೆ. ಹರಿದರೆ ಎಂಜಿನ್ನು ಹೋಯಿತು. ಓಡುವ ಕಾರಿನಲ್ಲಿ ಕೂತವರ ಗತಿ ದೇವರೇ ಬಲ್ಲ.

"ಬಾ ಬೇ, ನೋಡು" ಎಂದು ಒಮ್ಮೆ ನನ್ನ ತಲೆಯನ್ನೂ ಬಾನೆಟ್ಟಿನೊಳಗೆ ತುರುಕಿದ. ಎಣ್ಣೆ ಹಾಕುವ ತೂತಿನಲ್ಲಿ ಬ್ಯಾಟರಿ ಬಿಟ್ಟ. ಒಳಗೆ ಕತ್ತಲು, ಕತ್ತಲಲ್ಲಿ ಒಂದು ಚಕ್ರ, ಅದರ ಮೇಲೆ ನನ್ನ ಹೆಬ್ಬೆರಳಿನಗಲದ ಕಪ್ಪು ಪಟ್ಟಿ, ತುಪ್ಪ ಸವರಿದಂತೆ ಮಿನುಗುತ್ತಿತ್ತು. ಇಷ್ಟು ದೊಡ್ಡ ಗಾಡಿ, ಅದರೊಳಗಿನ ಮಕ್ಕಳು ಮರಿ, ಗಂಟು ಮೂಟೆ, ಎಲ್ಲವೂ ಈ ಪಟ್ಟಿಯ ಹಲ್ಲುಗಳನ್ನು ನಂಬಿ ಓಡುತ್ತಿವೆಯೇ? ನಗಲೆಂದು ಬಗ್ಗಿದವಳು ನಗದೆ ಎದ್ದೆ.

ಆಮೇಲೆ ಶುರುವಾಯಿತು ನೋಡಿ ಅವನ ದಂಡಯಾತ್ರೆ! ಜಿಡಗಾ ಮಠಕ್ಕೆ ದರ್ಶನಕ್ಕೆಂದು ಹೋದವನು ಹೊರಗೆ ಕಾರು ನಿಲ್ಲಿಸುತ್ತಿದ್ದ ಒಬ್ಬ ಯಜಮಾನರಿಗೆ, "ಬಾನೆಟ್ ತಗೀರಿ" ಎಂದ. ಅಪ್ಪಣೆ ಮಠದ್ದೇ ಇರಬೇಕೆಂದು ಅವರು ತೆಗೆದರು. ಮಾಮಾ ಬಗ್ಗಿ ನೋಡಿ, ಎದ್ದು, ಕಣ್ಣು ಮುಚ್ಚಿ, "ನಿಮ್ಮದು ಚೈನ್ ಅದರಿ. ಪುಣ್ಯವಂತರು" ಎಂದ. ಅವರು ಅವನ ಕಾಲಿಗೆ ಬಿದ್ದು ಒಳಗೆ ಹೋದರಂತೆ.

ಇನ್ನೊಮ್ಮೆ ಜೇವರ್ಗಿಯಲ್ಲಿ ನಮ್ಮ ಅಪ್ಪನ ತಮ್ಮನ ಮಗಳಿಗೆ ವರ ನೋಡಲು ಹೋಗಿದ್ದೆವು. ಹುಡುಗ ಲಕ್ಷಣವಾಗಿದ್ದ, ನೌಕರಿಯಿತ್ತು, ಹೊಲವಿತ್ತು, ಎಣ್ಣೆಯ ಬೆಲ್ಟಿನ ಕಾರೂ ಇತ್ತು. ಎಲ್ಲರೂ ತಲೆದೂಗುತ್ತಿರುವಾಗ ಮಾಮಾ ಕೇಳಿದ್ದು ಒಂದೇ ಪ್ರಶ್ನೆ: "ಕಾರಿಗೆ ಯಾವ ಎಣ್ಣಿ ಹಾಕ್ತೀರಿ?"

"ಮನ್ಯಾಗ ಟ್ರ್ಯಾಕ್ಟರಿಂದು ಇರ್ತದಲ್ರಿ, ಅದನ್ನೇ."

ಮಾಮಾ ಅವಲಕ್ಕಿಯ ತಟ್ಟೆ ಕೆಳಗಿಟ್ಟು ಎದ್ದುಬಿಟ್ಟ. "ಎಣ್ಣಿಯಾಗ ನೆಂದ ಬೆಲ್ಟಿನ ಕಾಳಜಿ ಮಾಡಲಾರದಾಂವ ಹೆಂಡ್ತಿ ಕಾಳಜಿ ಏನ್ ಮಾಡ್ತಾನ? ನಡೀರಿ." ಚಿಕ್ಕವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆದರೆ ನೋಡಿ, ಆ ಹುಡುಗ ವಾರದೊಳಗೆ ಎಣ್ಣೆ, ಬೆಲ್ಟು ಎರಡನ್ನೂ ಬದಲಿಸಿ, ಹಳೆಯ ಬೆಲ್ಟನ್ನು ಹಿಡಿದುಕೊಂಡು ಆಳಂದಕ್ಕೇ ಬಂದ. ಮಾಮಾ ಅದನ್ನು ಬಗ್ಗಿಸಿ ನೋಡಿದ, ಹುಡುಗನನ್ನು ನೋಡಿದ, ಮಗ್ಗುಲಿಗೆ ಕೂಡಿಸಿಕೊಂಡ. ಮದುವೆ ಆಯಿತು. ಬೀಗರನ್ನು ಹೀಗೆ ಒಲಿಸಿಕೊಂಡ ಅಳಿಯ ಮೂರು ತಾಲೂಕಿನಲ್ಲಿ ಇನ್ನೊಬ್ಬನಿಲ್ಲ.

ಇಂಥ ಮನುಷ್ಯ ಸೋತದ್ದು ಒಬ್ಬರ ಮುಂದೆ ಮಾತ್ರ: ನಮ್ಮ ಅಪ್ಪ. ನಮ್ಮದು ಅಫಜಲಪುರ ತಾಲೂಕಿನ ಕರಜಗಿ. ಕಬ್ಬಿನ ಹೊಲ, ಮನೆಯ ಮೂಲೆಯಲ್ಲಿ ಟ್ರ್ಯಾಕ್ಟರ್ ಎಣ್ಣೆಯ ಡ್ರಮ್ಮು. ನಮ್ಮ ಕಡೆಯ ಪದ್ಧತಿಯೇ ಹಾಗೆ. ಟ್ರ್ಯಾಕ್ಟರಿಗೂ ಅದೇ, ಪಂಪಿಗೂ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ಮಾಮಾನ ಕಾರಿನಂಥದ್ದೇ ನಮ್ಮ ಕಾರಿಗೂ ಅಪ್ಪ ಅದನ್ನೇ ಸುರಿಯುತ್ತಿದ್ದ. ಆ ಕಾರನ್ನು ಓಡಿಸುವವಳು ಅವ್ವ. ಅಫಜಲಪುರದ ಶಾಲೆಯಲ್ಲಿ ಅವಳು ಮೇಡಮ್ಮು. ಕಬ್ಬಿನ ಲಾರಿ, ಟ್ರ್ಯಾಕ್ಟರುಗಳ ನಡುವೆ ದಿನಾ ಹೋಗಿ ಬರುತ್ತಾಳೆ.

ಮಾಮಾ ಬಂದಾಗಲೆಲ್ಲ ಜಗಳ.

"ಭಾವಾ, ಒಮ್ಮೆ ಬೆಲ್ಟ್ ಬದಲಿ ಮಾಡಸ್ರಿ."

"ಓಡಾಕತ್ತದಲ್ಲೋ ಸಾವಕಾರ. ಓಡೋ ಗಾಡಿ ಹೊಟ್ಟಿ ಯಾಕ ಕೊಯ್ಯಬೇಕು?"

"ನಿಂತ ಮ್ಯಾಲ ಕೊಯ್ದರ ಅದು ಪೋಸ್ಟ್‌ಮಾರ್ಟಂ ಆಗ್ತದ್ರಿ."

ಅಪ್ಪ ಜಗ್ಗಲಿಲ್ಲ. ಮಾಮಾ ಬಂದನೆಂದರೆ ಬಾನೆಟ್ಟು ತೆಗೆಯಬಾರದೆಂದು ಕಾರಿನ ಕೀಲಿಯನ್ನು ಉಡದಾರಕ್ಕೇ ಕಟ್ಟಿಕೊಳ್ಳುತ್ತಿದ್ದ.

ಹೋದ ಸುಗ್ಗಿಯಲ್ಲಿ ಒಂದು ಸಂಜೆ. ಮಾಮಾ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ. ಅವ್ವ ಶಾಲೆಯಿಂದ ಬಂದು ಕಾರಿನಿಂದ ಇಳಿಯುತ್ತ, ಯಾರಿಗೂ ಅಲ್ಲವೆಂಬಂತೆ ಅಂದಳು: "ಇವತ್ತ ಬ್ರೇಕ್ ಬಾಳ ಗಟ್ಟಿ ಆಗಿತ್ತು. ಒತ್ತಿ ಒತ್ತಿ ಕಾಲ್ ನೋಯಾಕತ್ತದ."

ಮಾಮಾನ ಕೈಯಲ್ಲಿನ ಕಪ್ಪು ಅಲ್ಲೇ ನಿಂತಿತು. ಬೆಲ್ಟಿನ ಪುಡಿ ಎಣ್ಣೆಯ ಜೊತೆ ಹೋಗಿ ಬ್ರೇಕಿಗೆ ನೆರವಾಗುವ ಪಂಪಿಗೂ ಸಿಕ್ಕಿಕೊಳ್ಳುತ್ತದೆ ಎಂದು ಅವನು ಗ್ಯಾರೇಜಿನಲ್ಲಿ ಕೇಳಿದ್ದ. ಎದ್ದ. ತೆರೆದೇ ಇದ್ದ ಬಾಗಿಲಿನಿಂದ ಕಾರಿನೊಳಗೆ ಹೋಗಿ ಸ್ಟೇರಿಂಗ್ ಹಿಡಿದು ಕೂತ. "ಬೆಲ್ಟ್ ಹೊರಗ ಬರೂ ತನಾ ನಾ ಹೊರಗ ಬರಂಗಿಲ್ಲ" ಎಂದ. ಅಪ್ಪ ಬೈದ, ನಕ್ಕ, ಕೈ ಹಿಡಿದು ಎಳೆದ. ನಾವು ಊಟಕ್ಕೆ ಕರೆದೆವು. ಊಟವೂ ಕಾರಿಗೇ ಹೋಯಿತು! ಓಣಿಯ ಜನ ಬಂದು ನೋಡಿ ಹೋದರು. ಬೆಳಿಗ್ಗೆ ಅಪ್ಪನೇ ಸೋತು ಕೀಲಿ ಚಾಚಿದರೆ, "ನಡಸಬ್ಯಾಡ್ರಿ. ಎತ್ತಿಕೊಂಡು ಹೋಗಬೇಕು" ಎಂದ. ಲಾರಿ ಬಂತು. ಕಾರು ಲಾರಿಯನ್ನೇರಿತು, ಮಾಮಾ ಕಾರಿನೊಳಗೇ ಇದ್ದ. ಅಫಜಲಪುರದ ಬಜಾರಿನಲ್ಲಿ, ಅಷ್ಟೆತ್ತರದಲ್ಲಿ, ಬಿಳಿ ಬಟ್ಟೆಯಲ್ಲಿ ನೆಟ್ಟಗೆ ಕೂತು ಅವನು ಹೋಗುತ್ತಿದ್ದರೆ ಯಾವ ಸ್ವಾಮಿಗಳೋ ಎಂದು ಒಂದಿಬ್ಬರು ಕೈ ಮುಗಿದರು. ಹಿಂದೆ ಜೀಪಿನಲ್ಲಿ ಅವ್ವನ, ನನ್ನ ಜೊತೆ ಕೂತಿದ್ದ ಅಪ್ಪ ತಲೆಗೆ ಟವೆಲ್ ಸುತ್ತಿಕೊಂಡ.

ಕಲಬುರಗಿಯ ಗ್ಯಾರೇಜಿನಲ್ಲಿ ಮಿಸ್ತ್ರಿ ಎಂಜಿನ್ನು ಬಿಚ್ಚಿದ. ದಂಡಗಳು ಜರುಗದಂತೆ ಗೂಟ ಹಾಕಿ, ಬಿಗಿ ಸಡಿಲಿಸಿ ಬೆಲ್ಟನ್ನು ಎಳೆದ. ಅಂಚು ಹಿಂಜಿಹೋಗಿತ್ತು. ಬಗ್ಗಿಸಿದರೆ ತುಂಬ ಬಿರುಕು. ಮಿಸ್ತ್ರಿ ಉಗುರಿನಿಂದ ಕೆದಕಿದ, ಒಂದು ಹಲ್ಲು ಹಾಗೇ ಕಿತ್ತು ಅವನ ಅಂಗೈಗೆ ಬಿತ್ತು. ಎಣ್ಣೆ ಸೋಸುವ ಜಾಲರಿಯ ತುಂಬ ಕರಿ ಪುಡಿ.

"ಮೇಡಮ್ಮಾರು ದಿನಾ ಇದರಾಗೇ ಹೋಗ್ತಿದ್ದರೇನ್ರಿ?" ಎಂದ ಮಿಸ್ತ್ರಿ.

ಅಪ್ಪ ತಲೆ ತಗ್ಗಿಸಿ ನಿಂತ. ಈಗ ಮಾಮಾನ ಭಾಷಣ ಶುರುವಾಗುತ್ತದೆ, ಸಂಜೆಯ ತನಕ ಮುಗಿಯುವುದಿಲ್ಲ ಎಂದು ನಾನು ಸಿದ್ಧಳಾದೆ. ಗೆದ್ದಿದ್ದ, ಅವನಿಗೆ ಹಕ್ಕಿತ್ತು. ಆದರೆ ಮಾಮಾ ಬೆಲ್ಟನ್ನು ಕೈಗೆ ತೆಗೆದುಕೊಂಡು, ಆ ಬಿಳಿ ಧೋತರದಲ್ಲೇ ಎಣ್ಣೆಯ ನೆಲದ ಮೇಲೆ ಕುಕ್ಕರಿಸಿ ಕೂತ. ಭುಜಗಳು ಅಲುಗಾಡಿದವು. ಊರೆಲ್ಲ ನಗಿಸಿದವನು ಅಳುವುದನ್ನು ನಾನು ಮೊದಲು ಕಂಡದ್ದು ಅಂದು.

ಅವ್ವ ಹತ್ತಿರ ಹೋದಳು. "ಯಾಕೋ? ನನಗ ಏನೂ ಆಗಿಲ್ಲಲ್ಲ."

"ಆಗಿದ್ದರ?" ಎಂದ ಅವನು, ಮುಖ ಎತ್ತದೆ. "ಅವ್ವ ಹ್ವಾದಳು, ಅಪ್ಪ ಹ್ವಾದ, ಅಣ್ಣಾನೂ ಹ್ವಾದ. ಸಣ್ಣಾಂವ ಇದ್ದಾಗಿಂದ ಉಂಡೀ ಏನ್ ಅಂತ ನನ್ನ ಕೇಳಾಕಿ ನೀ ಒಬ್ಬಾಕಿ ಉಳದೀದಿ, ಅಕ್ಕಾ."

ಅವ್ವ ಸೆರಗಿನ ತುದಿಯಿಂದ ಅವನ ಕೈಯ ಎಣ್ಣೆಯನ್ನು ಒಂದೊಂದೇ ಬೆರಳು ಹಿಡಿದು ಒರೆಸಿದಳು. ಆಮೇಲೆ, "ಮುಂಜಾನಿಂದ ಏನೂ ತಿಂದಿಲ್ಲ ನೀ. ಏಳು, ಉಣ್ಣಾಕ ಹೋಗೂಣು" ಎಂದು ಎಬ್ಬಿಸಿಕೊಂಡು ಹೋದಳು.