ದ್ರಾಕ್ಷಿ ತೋಟದ ಎಂಜಿನ್, ಒಂಬತ್ತಡಿ ರೆಕ್ಕೆ

ಸುಮ್ಮನೆ ಟೀವಿ ನೋಡುತ್ತ ಕೂತ ಗಂಡಸಿನ ಜೀವನದಲ್ಲಿ ಏನೂ ನಡೆಯುವುದಿಲ್ಲ. ಅದೇ ಗಂಡಸು ಮನೆಯ ಹಾಲಿನಲ್ಲಿ ಒಂಬತ್ತಡಿ ರೆಕ್ಕೆಯ ವಿಮಾನ ಕಟ್ಟಲು ಕೂತರೆ ವಾರಕ್ಕೊಂದು ಪ್ರಸಂಗ ವಿಳಾಸ ಕೇಳಿಕೊಂಡು ಬಂದು ಬಾಗಿಲು ತಟ್ಟುತ್ತದೆ. ಇದು ನನ್ನ ಅನುಭವ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿದ್ದೆ, ಮನೆ ಬನಶಂಕರಿಯಲ್ಲಿ. ಕೈಯಲ್ಲಿ ರಿಮೋಟ್ ಹಿಡಿದು ಹಾರಿಸುವ ಪುಟ್ಟ ವಿಮಾನಗಳ ಹುಚ್ಚು ನನಗೆ ಬಹಳ ವರ್ಷಗಳಿಂದ ಇತ್ತು. ಭಾನುವಾರ ಬಂತೆಂದರೆ ಪುಟ್ಟೇನಹಳ್ಳಿಯ ಗೌಡರೊಬ್ಬರ ಖಾಲಿ ಹೊಲಕ್ಕೆ ಓಡುತ್ತಿದ್ದೆ. ಹಿಂದೆ ಅದು ಅವರ ದ್ರಾಕ್ಷಿ ತೋಟ. ಆಮೇಲೆ ಬಾವಿ ಬತ್ತಿತು, ಬಳ್ಳಿ ಹೋಯಿತು, ನಮಗೊಂದು ರನ್‌ವೇ ಸಿಕ್ಕಿತು.

ಒಂದು ಯುಗಾದಿಯ ಮಾರನೇ ದಿನ ಗೌಡರು ಹೇಳಿದರು: "ದಸರಾ ತನಕ ಆಡ್ಕಳಿ ಸಾಮಿ. ಆಮ್ಯಾಕೆ ಇಲ್ಲಿ ಸೈಟ್ ಮಾಡಿಸ್ತೀನಿ."

ಒಂದು ದೊಡ್ಡ ವಿಮಾನ, ಪೆಟ್ರೋಲಿನಲ್ಲಿ ಓಡುವ ನಿಜವಾದ ಎಂಜಿನ್ ಇರುವ ವಿಮಾನ ಕಟ್ಟಿ, ಇದೇ ನೆಲದಿಂದ ಮೇಲೆಬ್ಬಿಸಬೇಕು ಎಂದು ಹತ್ತು ವರ್ಷದಿಂದ ಕನಸು ಕಾಣುತ್ತಿದ್ದವನು ನಾನು. ಕನಸಿಗೆ ಈಗ ಉಳಿದದ್ದು ಆರೇ ತಿಂಗಳು!

ಎಂಜಿನ್ ಸಿಕ್ಕಿದ್ದು

ಗೌಡರ ಮುಂದೆ ಗೋಳು ಹೇಳಿಕೊಂಡೆ. "ವಿಮಾನ ಕಟ್ಟಿಬಿಡ್ತೀನಿ ಗೌಡ್ರೇ, ಎಂಜಿನ್ನೇ ಸಿಕ್ತಿಲ್ಲ."

ಅವರು ದನದ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಹುಲ್ಲಿನ ಹಿಂದಿನಿಂದ ಒಂದು ತುಕ್ಕು ಹಿಡಿದ ಯಂತ್ರ ಎಳೆದರು. ಬೆನ್ನಿಗೆ ಕಟ್ಟಿಕೊಂಡು ದ್ರಾಕ್ಷಿಗೆ ಔಷಧಿ ಹೊಡೆಯುವ ಪೆಟ್ರೋಲ್ ಸ್ಪ್ರೇಯರ್. ಅದರೊಳಗಿನ ಪುಟ್ಟ ಎಂಜಿನ್ ನೋಡಿ ನನಗೆ ಅಲ್ಲೇ ಕುಣಿಯುವ ಹಾಗಾಯಿತು.

"ಹತ್ತು ವರ್ಸ ನನ್ನ ಬೆನ್ನ ಮ್ಯಾಲೆ ಕೂತಿತ್ತು. ಈಗ ನಿಮ್ಮ ಇಮಾನದ ಮ್ಯಾಲೆ ಕೂರ್ಲಿ ಬುಡಿ," ಎಂದರು ಗೌಡರು. "ಆದ್ರೆ ಹಾರೋ ದಿನ ನಾನಿರ್ಬೇಕು. ನಮ್ಮ ಎಂಜಿನ್ ಅದು."

ಮನೆಗೆ ತಂದು ಬಿಚ್ಚಿ ಮೂರು ದಿನ ಸೀಮೆಎಣ್ಣೆಯಲ್ಲಿ ತೊಳೆದೆ. ಹತ್ತು ವರ್ಷದ ಔಷಧಿ ವಾಸನೆ ಅಡುಗೆಮನೆ, ದೇವರಮನೆ ಎನ್ನದೆ ಎಲ್ಲ ಕಡೆ ಹರಡಿತು. ನನ್ನ ಹೆಂಡತಿ ಬಾಯಿಗೆ ಬಂದದ್ದೆಲ್ಲ ಅಂದಳು. ನಾಲ್ಕನೇ ದಿನ ಮಾತ್ರ ಸಿಂಕಿನ ಕೆಳಗೆ ಬಗ್ಗಿ ನೋಡಿ, "ರೀ, ಒಂದು ಜಿರಲೆನೂ ಇಲ್ಲ ಕಣ್ರೀ!" ಎಂದಳು. ಆ ಆರು ತಿಂಗಳಲ್ಲಿ ವಿಮಾನದ ಬಗ್ಗೆ ಅವಳ ಬಾಯಿಂದ ಬಂದ ಒಂದೇ ಒಳ್ಳೆಯ ಮಾತು ಅದು.

ಹೊಗೆ

ಎಂಜಿನ್ ಜೋಡಿಸಿದ ಮೇಲೆ ಓಡಿಸಿ ನೋಡದೆ ಇರುವುದುಂಟೆ? ಒಂದು ಹಳೇ ಬೆಂಚಿಗೆ ಬಿಗಿದು, ಬೆಂಚನ್ನು ತಾರಸಿಗೆ ಹೊತ್ತೆ. ಪೆಟ್ರೋಲಿಗೆ ಆಯಿಲ್ ಸ್ವಲ್ಪ ಧಾರಾಳವಾಗಿಯೇ ಸುರಿದೆ. ಹಗ್ಗ ಎಳೆದೆ. ಒಂದು, ಎರಡು, ಹದಿನೈದು... ಹದಿನಾರನೇ ಎಳೆತಕ್ಕೆ ಗರ್ರೆಂದು ಹೊತ್ತಿಕೊಂಡಿತು! ಆ ಸದ್ದು ಕೇಳಿದಾಗ ನನಗಾದ ಸಂತೋಷ ಹೇಳತೀರದು. ಹೊಗೆ ಎಷ್ಟು ಬಂತೆಂದರೆ ಬೆಂಚೂ ಕಾಣಲಿಲ್ಲ, ನಾನೂ ಕಾಣಲಿಲ್ಲ.

ಬೀದಿಯಲ್ಲಿ ಕಿಟಕಿಗಳು ಧಡಧಡನೆ ಮುಚ್ಚಿಕೊಂಡವು. ಎದುರು ಮನೆಯ ಆಂಟಿ ಮೂಗಿಗೆ ಸೆರಗು ಹಿಡಿದು ತಾರಸಿ ಹತ್ತಿ ಬಂದರು.

"ಸೊಳ್ಳೆ ಹೊಗೆಯವರು ಬಂದಿದಾರಾ?"

"ಇಲ್ಲ ಆಂಟಿ, ವಿಮಾನದ ಎಂಜಿನ್."

ಆಂಟಿ ಬೆಂಚನ್ನು ನೋಡಿದರು, ನನ್ನನ್ನು ನೋಡಿದರು. "ಏನಾದ್ರೂ ಆಗ್ಲಿ. ಹೊಗೆ ಬರುತ್ತೆ ತಾನೆ? ನಮ್ಮ ಹಿತ್ತಲ ಚರಂಡಿಗೂ ಒಂದೈದು ನಿಮಿಷ ಹಿಡೀರಿ."

ಹೇಗಿದ್ದರೂ ಎಂಜಿನ್ನನ್ನು ಒಂದಷ್ಟು ಹೊತ್ತು ಓಡಿಸಿ ಪಳಗಿಸಬೇಕಿತ್ತು. ಬೆಂಚು ಹೊತ್ತುಕೊಂಡು ಹೋಗಿ ಅವರ ಚರಂಡಿಯ ಪಕ್ಕ ಓಡಿಸಿದೆ. ಮುಂದಿನ ಭಾನುವಾರಕ್ಕೆ ಇನ್ನೂ ಮೂರು ಮನೆಯವರು ಹೇಳಿಟ್ಟಿದ್ದರು.

ಮ್ಯಾಚಿಂಗ್ ಸೆಂಟರ್

ರೆಕ್ಕೆಯ ಮರದ ಚೌಕಟ್ಟಿನ ಮೇಲೆ ಬಟ್ಟೆ ಹೊದಿಸಬೇಕು. ಗಾಳಿ ನುಸುಳದಂಥ ತೆಳು ಬಟ್ಟೆ. ಜಯನಗರ ನಾಲ್ಕನೇ ಬ್ಲಾಕಿನ ಮ್ಯಾಚಿಂಗ್ ಸೆಂಟರಿನಲ್ಲಿ ಲೈನಿಂಗ್ ಬಟ್ಟೆ ಚೆನ್ನಾಗಿರುತ್ತದೆ ಎಂದು ಹೆಂಡತಿ ಕರೆದುಕೊಂಡು ಹೋದಳು. ಒಳಗೆ ಕಾಲಿಡಲು ಜಾಗವಿಲ್ಲ, ಬರೀ ಹೆಂಗಸರು. ಅಂಗಡಿಯವರು ನನ್ನನ್ನು ನೋಡಿ, "ಸೀರೆ ತಂದಿದೀರಾ ಸಾರ್? ಕಲರ್ ನೋಡ್ಬೇಕಲ್ಲ," ಎಂದರು.

"ಕಲರ್ ಯಾವುದಾದ್ರೂ ಆಗುತ್ತೆ. ಗಾಳಿ ಮಾತ್ರ ಆಡಬಾರದು."

"ಎಲ್ಲರೂ ಗಾಳಿ ಆಡೋ ಬಟ್ಟೆ ಕೊಡಿ ಅಂತಾರೆ ಸಾರ್!"

ನಾನು ಒಂದೊಂದೇ ಥಾನಿನ ತುದಿ ಹಿಡಿದು, ತುಟಿಗೆ ಒತ್ತಿ, ಕೆನ್ನೆ ಉಬ್ಬಿಸಿ ಊದಿ ನೋಡಲು ಶುರು ಮಾಡಿದೆ. ಪಕ್ಕದಲ್ಲಿದ್ದ ಹೆಂಗಸರು ಮೆಲ್ಲಗೆ ಜಾಗ ಬಿಟ್ಟರು. ನನ್ನ ಹೆಂಡತಿ ಗುಂಡಿಗಳ ಕೌಂಟರಿಗೆ ಹೋಗಿ, ನನ್ನ ಪರಿಚಯವೇ ಇಲ್ಲದವಳ ಹಾಗೆ ನಿಂತಳು. ಕೊನೆಗೆ ಒಂದು ಹಳದಿ ಬಟ್ಟೆ ಪಾಸಾಯಿತು.

"ಅಳತೆ ಎಷ್ಟು ಸಾರ್?"

"ಈ ತುದಿಯಿಂದ ಆ ತುದಿಗೆ ಒಂಬತ್ತಡಿ. ಮೇಲೊಂದು ಸುತ್ತು, ಕೆಳಗೊಂದು ಸುತ್ತು."

ಅಂಗಡಿಯವರು ಕತ್ತರಿ ಕೆಳಗಿಟ್ಟು, ಕೌಂಟರಿನ ಹತ್ತಿರ ನಿಂತಿದ್ದ ನನ್ನ ಐದಡಿಯ ಹೆಂಡತಿಯನ್ನು ಒಮ್ಮೆ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಇದು ಯಾರಿಗೆ ಸಾರ್?" ಎಂದರು.

ಸರಿ ಮಾಡಿದ ಡ್ರಾಯಿಂಗು

ಪ್ರೊಪೆಲ್ಲರನ್ನು ಹನುಮಂತನಗರದ ಬಡಗಿಯೊಬ್ಬರು ಕೆತ್ತಿಕೊಡಲು ಒಪ್ಪಿದರು. ಬಾಗಿಲು ಕೆತ್ತುವುದರಲ್ಲಿ ಎತ್ತಿದ ಕೈ. ತೇಗದ ಮರ ಆರಿಸಿಕೊಂಡರು, ನನ್ನ ಡ್ರಾಯಿಂಗನ್ನು ಗೋಡೆಗೆ ಅಂಟಿಸಿ ಕೈಮುಗಿದು ಕೆಲಸಕ್ಕೆ ಕೂತರು.

ವಾರದ ನಂತರ ಹೋದೆ. ಪಾಲಿಷ್ ಹಾಕಿ, ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಎಂಥ ನುಣುಪು, ಎಂಥ ಹೊಳಪು! ಎತ್ತಿ ಹಿಡಿದೆ. ಎಲ್ಲೋ ಏನೋ ಸರಿಯಿಲ್ಲ ಅನ್ನಿಸಿತು. ಪ್ರೊಪೆಲ್ಲರಿನ ಎರಡು ಎಲೆಗಳು ಒಂದಕ್ಕೊಂದು ಎದುರು ದಿಕ್ಕಿಗೆ ತಿರುಚಿರಬೇಕು, ಆಗಲೇ ಎರಡೂ ಸೇರಿ ಗಾಳಿಯನ್ನು ಹಿಂದಕ್ಕೆ ತಳ್ಳುವುದು. ಇಲ್ಲಿ ಎರಡೂ ಒಂದೇ ಕಡೆಗೆ ತಿರುಚಿದ್ದವು.

"ಇದೇನ್ರೀ ಇದು?"

ಬಡಗಿ ಹೆಮ್ಮೆಯಿಂದ ನಕ್ಕರು. "ನಿಮ್ಮ ಡ್ರಾಯಿಂಗಲ್ಲಿ ತಪ್ಪಿತ್ತು ಸಾರ್. ಬಲಗಡೆ ಒಂಥರಾ, ಎಡಗಡೆ ಒಂಥರಾ ಹಾಕಿದ್ರಿ. ನೋಡ್ದೋರು ನಗ್ತಾರೆ. ಬಾಗಿಲಿನ ಎರಡು ಕದ ಇದ್ದಂಗೆ ಜೋಡಿ ಮಾಡಿಟ್ಟಿದೀನಿ."

ಒಂದು ಎಲೆ ವಿಮಾನವನ್ನು ಮುಂದಕ್ಕೆ ಎಳೆಯುತ್ತದೆ, ಇನ್ನೊಂದು ಹಿಂದಕ್ಕೆ ನೂಕುತ್ತದೆ ಎಂದು ಅರ್ಧ ಗಂಟೆ ವಿವರಿಸಿದೆ. ಎಲ್ಲ ಕೇಳಿ, ಬೇರೆ ಕೆತ್ತಿಕೊಡಲು ಒಪ್ಪಿ, ಕೊನೆಗೆ ಹೇಳಿದರು: "ಆದ್ರೂ ಸಾರ್, ಅಲ್ಲಾಡದೆ ನಿಂತ ಜಾಗದಲ್ಲೇ ನಿಲ್ಲೋ ವಿಮಾನ ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಳಿಸಿ."

ಓಡುವ ವಿಮಾನ

ದಸರಾಕ್ಕೆ ಒಂದು ತಿಂಗಳಿದೆ ಎನ್ನುವಾಗ ವಿಮಾನ ತಯಾರಾಯಿತು. ಹಳದಿ ರೆಕ್ಕೆ, ಕೆಂಪು ಮೂಗು. ಹಿಂದೆ ಹಳೇ ಚಪ್ಪಲಿ ನೇತಾಡುತ್ತಿದ್ದ ತಮ್ಮ ಟೆಂಪೋದಲ್ಲಿ ಗೌಡರೇ ಅದನ್ನು ಪುಟ್ಟೇನಹಳ್ಳಿಗೆ ಸಾಗಿಸಿದರು. ಜೊತೆಗೆ ನನ್ನ ಸಹೋದ್ಯೋಗಿಯೊಬ್ಬ ಬಂದಿದ್ದ. ಧಾರವಾಡದವನು, ಬಿಟಿಎಂನಲ್ಲಿ ಬಾಡಿಗೆಗಿದ್ದ, ಲೆಕ್ಕದಲ್ಲಿ ಬಲು ಚುರುಕು.

ಎಂಜಿನ್ ಅಬ್ಬರಿಸಿತು. ವಿಮಾನ ಓಡಿತು. ಇನ್ನೂ ಓಡಿತು. ಹೊಲದ ಕೊನೆಯವರೆಗೂ ಓಡಿ, ಬೇಲಿಯ ಹತ್ತಿರ ನಿಂತಿತು. ನೆಲ ಬಿಡಲಿಲ್ಲ.

ಧಾರವಾಡದವನು ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿ ನೋಡಿದ. ಮೂಗು ಕೆಳಗೆ ಬಾಗಿತು. ಚೀಟಿಯ ಮೇಲೆ ಲೆಕ್ಕ ಹಾಕಿದ. "ಎಂಜಿನ್ ಭಾಳ ವಜ್ಜಿ ಆಗೇತ್ರಿ, ಮೂಗು ಮ್ಯಾಲೆ ಏಳವಲ್ದು. ಬಾಲಕ್ಕ ನಾನೂರು ಗ್ರಾಂ ಸೀಸ ಕಟ್ರಿ, ಹಾರತೈತಿ."

ನನಗೆ ರೇಗಿತು. "ಐದು ತಿಂಗಳು ಮರ ಕೆರೆದು ಕೆರೆದು ತೂಕ ಇಳಿಸಿದೀನಿ. ಈಗ ಸೀಸ ಕಟ್ಟೋದಾ? ನನ್ನ ವಿಮಾನಕ್ಕೆ ಒಂದು ಗ್ರಾಂ ದಂಡದ ತೂಕ ಹಾಕಲ್ಲ!"

ಹಟ ಅಂದರೆ ಹಟ. ಬ್ಯಾಟರಿ ಹಿಂದಕ್ಕೆ ಸರಿಸಿದೆ, ಎಂಜಿನ್ನಿನ ಹಗ್ಗದ ಡಬ್ಬಿ ಕಿತ್ತೆಸೆದೆ, ತಗಡುಗಳಿಗೆ ತೂತು ಕೊರೆದೆ. ಮೂರು ಭಾನುವಾರವೂ ವಿಮಾನ ಓಡಿತೇ ಹೊರತು ಹಾರಲಿಲ್ಲ. ಮೂರನೇ ವಾರ ವಾಕಿಂಗ್ ಬಂದ ಹಿರಿಯರೊಬ್ಬರು ಪೂರ್ತಿ ನಿಂತು ನೋಡಿ, ಹತ್ತಿರ ಬಂದು ನನ್ನ ಬೆನ್ನು ತಟ್ಟಿದರು. "ಗಾಡಿ ಸೊಗಸಾಗಿ ಓಡುತ್ತಪ್ಪ. ಆ ರೆಕ್ಕೆ ಯಾಕೆ ಇಟ್ಟಿದೀಯಾ? ತಿರುಗಿಸೋವಾಗ ಅಡ್ಡ ಬರಲ್ವೇ?"

ಆಯುಧಪೂಜೆ

ಕೊನೆಯ ದಿನ ಬಂದೇ ಬಿಟ್ಟಿತು. ಆಯುಧಪೂಜೆಯ ಬೆಳಿಗ್ಗೆ ಹೊಲಕ್ಕೆ ಹೋದರೆ ಮೂಲೆಯಲ್ಲಿ ಬುಲ್ಡೋಜರ್ ಬಂದು ನಿಂತಿತ್ತು, ಚೆಂಡುಹೂವಿನ ಹಾರ ಹಾಕಿಕೊಂಡು.

"ನಾಳೆ ವಿಜಯದಶಮಿ, ಒಳ್ಳೆ ದಿನ. ಕೆಲ್ಸ ಸುರು," ಎಂದರು ಗೌಡರು. ನನ್ನ ಮುಖ ನೋಡಿ, "ಇವತ್ತು ಎದ್ದೇಳ್ತದೆ ಬುಡಿ," ಎಂದೂ ಸೇರಿಸಿದರು.

ಬುಲ್ಡೋಜರ್, ಟೆಂಪೋ, ಅದರ ಪಕ್ಕದಲ್ಲಿ ನನ್ನ ವಿಮಾನ. ಮೂರಕ್ಕೂ ಸಾಲಾಗಿ ಪೂಜೆ ಆಯಿತು. ಎಂಜಿನ್ನಿಗೆ ಕುಂಕುಮ, ರೆಕ್ಕೆಗೆ ವಿಭೂತಿ, ಚಕ್ರದ ಕೆಳಗೆ ನಿಂಬೆಹಣ್ಣು. ವಿಮಾನದ ಚಕ್ರಕ್ಕಿಂತ ನಿಂಬೆಹಣ್ಣು ತುಸುವೇ ಚಿಕ್ಕದು, ಚಕ್ರವನ್ನು ಅದರ ಮೇಲೆ ಹತ್ತಿಸುವಷ್ಟರಲ್ಲಿ ಸಾಕುಸಾಕಾಯಿತು. ಆಮೇಲೆ ಎಂಜಿನ್ ಚಾಲೂ ಮಾಡಬೇಕು. ಧಾರವಾಡದವನು ಮುಂದೆ ಪ್ರೊಪೆಲ್ಲರ್ ತಿರುವಲು ನಿಂತ. ವಿಮಾನ ಓಡಿಬಿಡದ ಹಾಗೆ ಹಿಂದೆ ಹುಲ್ಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬಾಲ ಹಿಡಿದವರು ಗೌಡರು. ನಾನು ರಿಮೋಟ್ ಹಿಡಿದು ದೂರ ನಿಂತೆ.

"ಬಿಡಿ ಗೌಡ್ರೇ!"

ವಿಮಾನ ಓಡಿತು. ಇಪ್ಪತ್ತು ಮಾರು, ಮೂವತ್ತು ಮಾರು... ಮೂಗು ಎತ್ತಿತು. ಚಕ್ರ ನೆಲ ಬಿಟ್ಟಿತು. ಅಯ್ಯೋ ದೇವರೇ, ಹಾರಿತು! ನಾನು ಏನೇನು ಕೂಗಿದೆನೋ ಗೊತ್ತಿಲ್ಲ. ದ್ರಾಕ್ಷಿಗೆ ಔಷಧಿ ಹೊಡೆಯುತ್ತಿದ್ದ ಎಂಜಿನ್ ಪುಟ್ಟೇನಹಳ್ಳಿ ಕೆರೆಯ ಕಡೆ ತಿರುಗಿ ತಲೆಯ ಮೇಲೆ ಗುಡುಗುತ್ತ ಬಂತು. ನನ್ನ ಕಣ್ಣಲ್ಲಿ ನೀರು. ನಾಚಿಕೆಯೇನಿಲ್ಲ, ಅತ್ತುಬಿಟ್ಟೆ.

ಆಗ ಧಾರವಾಡದವನು ಕೂಗಿದ. "ಬಾಲದಾಗ ಏನೋ ಜೋತಾಡಾಕತ್ತೈತ್ರೀ!"

ನೋಡಿದೆ. ಬಾಲದ ಕೆಳಗೆ ಕಪ್ಪನೆಯದೇನೋ ಪಟಪಟನೆ ಬಡಿಯುತ್ತಿದೆ. "ಬಾಲದ ಪಟ್ಟಿ ಕಿತ್ತು ಬಂದಿದೆ! ಹೋಯ್ತು, ಎಲ್ಲ ಹೋಯ್ತು!"

"ಗಾಬರಿ ಬೀಳಬ್ಯಾಡಿ ಸಾಮಿ," ಎಂದರು ಗೌಡರು ಶಾಂತವಾಗಿ. "ಅದು ನಂದು."

ತಿರುಗಿ ನೋಡಿದೆ. ಗೌಡರ ಬಲಗಾಲಿನಲ್ಲಿ ಟೈರ್ ಎಕ್ಕಡ. ಎಡಗಾಲು ಬರಿಗಾಲು.

"ಮೂರು ವಾರದಿಂದ ಊರೋರೆಲ್ಲ ನೋಡಿ ನೋಡಿ ದೃಷ್ಟಿ ಆಗೋಗೈತೆ. ಅದ್ಕೇ ಏಳ್ತಿರ್ಲಿಲ್ಲ. ನಮ್ಮ ಟೆಂಪೋಗೂ ಎಕ್ಕಡ ಕಟ್ಟೀವ್ನಿ, ಒಂದಿನಾನೂ ಮಗುಚಿಲ್ಲ."

ಹೇಗೋ ಇಳಿಸಿದೆ. ಇಳಿಸಿದವನೇ ಮಾಡಿದ ಮೊದಲ ಕೆಲಸ ಎಕ್ಕಡ ಬಿಚ್ಚಿದ್ದು. ನಾನು ಕಟ್ಟಿದ ವಿಮಾನಕ್ಕೆ ಎಕ್ಕಡದ ಹಂಗೇ? ಮತ್ತೆ ಬಿಟ್ಟೆ. ವಿಮಾನ ಓಡಿತು, ಇನ್ನೂ ಓಡಿತು, ಬುಲ್ಡೋಜರಿನ ಹತ್ತಿರ ಹೋಗಿ ನಿಂತಿತು. ನೆಲ ಬಿಡಲಿಲ್ಲ.

ಧಾರವಾಡದವನು ಎಕ್ಕಡ ಎತ್ತಿಕೊಂಡು ಸೀದಾ ರಸ್ತೆಬದಿಯ ಕಡಲೆಕಾಯಿಯವರ ಹತ್ತಿರ ಹೋದ. "ಅಯ್ಯೋ, ತಿನ್ನೋದು ತೂಗೋ ತಕ್ಕಡಿ ಸಾರ್!" ಎಂದು ಅವರು ಬೊಬ್ಬೆ ಹಾಕುತ್ತಿದ್ದಂತೆ ಒಂದು ತಟ್ಟೆಯಲ್ಲಿ ಎಕ್ಕಡ ಇಟ್ಟ, ಇನ್ನೊಂದರಲ್ಲಿ ಇನ್ನೂರು ಗ್ರಾಮಿನ ಎರಡು ತೂಕದ ಬಟ್ಟು ಇಟ್ಟ. ಮುಳ್ಳು ನಟ್ಟನಡುವೆ ನಿಂತಿತು.

"ನಾನೂರು," ಎಂದ. ಅಷ್ಟೇ. ಪಾಪಿ!

ಎಕ್ಕಡವನ್ನು ನಾನೇ ಮಂಡಿಯೂರಿ, ಎರಡು ಗಂಟು ಹಾಕಿ ಬಾಲಕ್ಕೆ ಕಟ್ಟಿದೆ. ಕಡಲೆಕಾಯಿಯವರೂ ಬುಲ್ಡೋಜರಿನ ಡ್ರೈವರೂ ಚಪ್ಪಾಳೆ ತಟ್ಟುತ್ತಿದ್ದಂತೆ ಪೆಟ್ರೋಲ್ ಮುಗಿಯುವವರೆಗೂ ಹಾರಿಸಿದೆ. ಮಾರನೇ ದಿನ ಹೊಲ ಮಟ್ಟವಾಯಿತು. ಆ ಕಡೆ ಹೋಗುವ ಮನಸ್ಸಾಗಲಿಲ್ಲ. ವಿಮಾನವನ್ನು ಹಾಲಿನ ಸೂರಿಗೆ ನೇತುಹಾಕಿ, ಇನ್ನು ಮುಗಿಯಿತು ಎಂದುಕೊಂಡೆ.

ಮುಂದಿನ ಭಾನುವಾರ ಬಾಗಿಲು ತಟ್ಟಿದ ಸದ್ದು. ಗೌಡರು. ಕಾಲಲ್ಲಿ ಹೊಸ ಚಪ್ಪಲಿ, ಕೈಯಲ್ಲಿ ಪೇಪರಿನ ಪೊಟ್ಟಣ. ನನ್ನ ಹೆಂಡತಿ ದಸರಾ ಸಿಹಿಯೆಂದುಕೊಂಡು ಎರಡೂ ಕೈಯಲ್ಲಿ ಇಸಿದುಕೊಂಡಳು. ಬಿಚ್ಚಿದರೆ ಬಲಗಾಲಿನ ಎಕ್ಕಡ.

"ಹುಳಿಮಾವು ಕೆರೆ ತಾವ ನಮ್ಮ ಬಾಮೈದಂದು ಎರಡೆಕರೆ ಖಾಲಿ ಬಿದ್ದೈತೆ, ಮಾತಾಡಿ ಬಂದಿವ್ನಿ," ಎಂದರು ಗೌಡರು. "ಒಂಟಿ ಎಕ್ಕಡ ಮಡಿಕಂಡು ನಾನೇನ್ ಮಾಡ್ಲಿ ಸಾಮಿ? ಇದಕ್ಕೂ ಒಂದು ಇಮಾನ ಕಟ್ಟಿ."