ಅಡುಗೆಮನೆ ಸ್ಟೇಷನ್ನಿನಿಂದ ಉತ್ತರವಿಲ್ಲ

ಈ ಮನೆಯ ವಿಷಯ ನನಗೆ ಮೊದಲು ಹೇಳಿದ್ದು ನಮ್ಮ ಬೀದಿಗೆ ಹಾಲು ಹಾಕುವ ಅಕ್ಕ. ದೊಡ್ಡಬಳ್ಳಾಪುರದ ಕಾಲೇಜಿಗೆ ವರ್ಗವಾಗಿ ಬಂದು, ನನ್ನೊಬ್ಬಳಿಗೆ ಸಾಕಾಗುವಂಥ ಮನೆ ಹುಡುಕುತ್ತಿದ್ದೆ. "ಆ ಮನೆ ಮೇಲ್ಗಡೆ ಖಾಲಿ ಐತೆ ಮೇಡಂ. ನೀರು ಚೆನ್ನಾಗಿ ಬರುತ್ತೆ. ಕೆಳಗಡೆ ರೈಲು ಓಡುತ್ತೆ, ಅಷ್ಟೇ" ಅಂದಳು. ಹತ್ತಿರದಲ್ಲೆಲ್ಲೋ ಹಳಿ ಇರಬೇಕು ಅಂದುಕೊಂಡು ಅಡ್ವಾನ್ಸ್ ಕೊಟ್ಟೆ. ತಾರಸಿ ಹತ್ತಿ ನಾಲ್ಕೂ ದಿಕ್ಕು ನೋಡಿದರೂ ಹಳಿ ಕಾಣಲಿಲ್ಲ. ಹಳಿ ಇದ್ದದ್ದು ಕೆಳಗೆ, ಓನರ್ ಮನೆಯ ಹಾಲ್‌ನಲ್ಲಿ, ಮೇಜಿನ ಮೇಲೆ.

ಓನರ್ ಅರವತ್ತು ದಾಟಿದವರು. ಸೀರೆ ಮಾರಲು ಊರೂರು ಸುತ್ತಿದಷ್ಟು ಕಾಲವೂ ಆಟದ ರೈಲು ಕೊಂಡು ತಂದವರು. ಮಗ್ಗ ಮಾರಿದ ಮೇಲೆ ಆ ಜಾಗಕ್ಕೆ ದೊಡ್ಡ ಮೇಜು ಹಾಕಿ, ನಮ್ಮೂರಿನ ಸ್ಟೇಷನ್ನಿನಿಂದ ಘಾಟಿ ಕಡೆ, ಮಾಕಳಿದುರ್ಗ ಸ್ಟೇಷನ್ನಿಗೆ ಹೋಗುವ ಲೈನನ್ನು ಪುಟ್ಟದಾಗಿ ಕಟ್ಟಿದ್ದಾರೆ. ಬೋಗಿಗಳೆಲ್ಲ ಸೀರೆ ಡಬ್ಬಿಯಲ್ಲಿ ಮಲಗುತ್ತವೆ. ಹೆಂಡತಿ ತೀರಿಕೊಂಡು ಮೂರು ವರ್ಷ. ಇಂಥ ಮನೆಯ ಮೇಲೆ ಬಾಡಿಗೆಗಿದ್ದರೆ ವಾರಕ್ಕೊಂದು ಏನಾದರೂ ಆಗುತ್ತಲೇ ಇರುತ್ತದೆ.

ಗುಡ್ಡ ಕುಸಿತ

ನಮ್ಮ ಬೀದಿಯಲ್ಲಿ ಬೆಳಗಿನಿಂದ ಪವರ್‌ಲೂಮುಗಳ ಸದ್ದು. ನೆಲ ಅದುರುತ್ತದೆ, ಬೆರಳುದ್ದದ ಬೋಗಿಗಳು ಹಳಿ ಮೇಲೆ ನಿಲ್ಲುವುದಿಲ್ಲ. ಹಾಗಾಗಿ ರೈಲು ಓಡುವುದು ಕರೆಂಟು ಹೋದಾಗ ಮಾತ್ರ, ಬ್ಯಾಟರಿಯಲ್ಲಿ. ಕರೆಂಟು ಹೋಯಿತು ಅಂದರೆ ಬೀದಿಯವರೆಲ್ಲ ಜಗಲಿಗೆ ಬಂದು ಕೂತು ಬೈಯುತ್ತಾರೆ. ನಮ್ಮ ಓನರ್ ಒಬ್ಬರು ತಲೆ ಬಾಚಿಕೊಂಡು ಡ್ಯೂಟಿಗೆ ಹೋಗುತ್ತಾರೆ.

ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮಿಕ್ಸಿ ಇಲ್ಲವಲ್ಲ, ಚಟ್ನಿಗೆ ಬೆಳ್ಳುಳ್ಳಿ ಕುಟ್ಟಲು ಕೂತೆ. ಐದು ನಿಮಿಷಕ್ಕೆ ಓನರ್ ಮೆಟ್ಟಿಲು ಹತ್ತಿ ಬಂದರು. ಮುಖ ನೋಡಿದರೆ ಯಾರೋ ಹೋಗಿಬಿಟ್ಟಿದ್ದಾರೆ ಅನ್ನುವಂತಿತ್ತು.

"ಮೇಡಂ, ಮಾಕಳಿದುರ್ಗದ ಹತ್ರ ಗುಡ್ಡ ಕುಸಿದಿದೆ."

ನಾನು ಗಾಬರಿಯಿಂದ ಯಾರಿಗಾದರೂ ಏನಾದರೂ ಆಯಿತಾ ಎಂದೆ. ಅವರು ನನ್ನ ಕೈಯ ಕುಟ್ಟಾಣಿ ನೋಡಿದರು. ನಾನು ಕುಟ್ಟಿದ ಏಟಿಗೆ ಅವರ ಸೂರಿನ ಗಾರೆ ಒಂದು ಬೊಗಸೆಯಷ್ಟು ಹಳಿ ಮೇಲೆ ಬಿದ್ದಿತ್ತು. "ಜೀವಹಾನಿ ಇಲ್ಲ. ಪ್ಯಾಸೆಂಜರ್ ಲೇಟು. ನಿಮ್ಮ ಚಟ್ನಿ ಇನ್ನೂ ಎಷ್ಟು ಹೊತ್ತು ಅಂತ ಹೇಳಿದ್ರೆ ಅನೌನ್ಸ್ ಮಾಡ್ತೀನಿ."

ಎರಡು ಗಂಟೆ

ಊರಿನ ಸ್ಟೇಷನ್ ಹಾಲಿನಲ್ಲಿ. ಗೋಡೆಯ ತೂತೇ ಸುರಂಗ. ಅದನ್ನು ದಾಟಿದರೆ ಅಡುಗೆಮನೆ ಕಟ್ಟೆ ಮೇಲೆ ಮಾಕಳಿದುರ್ಗ. ಹಾಲಿನಿಂದ ಗಂಟೆ ಬಾರಿಸಬೇಕು, ದಾರಿ ಖಾಲಿ ಇದೆ, ಲೈನ್ ಕ್ಲಿಯರ್ ಅಂತ ಅಡುಗೆಮನೆಯಿಂದ ಗಂಟೆ ಮರುನುಡಿಯಬೇಕು, ಆಮೇಲೆ ರೈಲು ಹೊರಡಬೇಕು. ಇದು ನಿಯಮ. ಅಡುಗೆಮನೆಯ ಗಂಟೆ ಹೆಂಡತಿಯದಾಗಿತ್ತು. ಆಕೆಗೆ ಸಿಟ್ಟು ಬಂದು ಒಮ್ಮೆ ಲೈನ್ ಕ್ಲಿಯರ್ ಕೊಡದೆ ಮೂರು ದಿನ ರೈಲು ನಿಂತಿತ್ತಂತೆ.

ಈಗ ಅವರೇ ಹಾಲಿನಲ್ಲಿ ಬಾರಿಸಿ, ಅಡುಗೆಮನೆಗೆ ನಡೆದು ಉತ್ತರ ಕೊಟ್ಟು, ವಾಪಸ್ ಬಂದು ರೈಲು ಬಿಡುತ್ತಾರೆ. ಒಂದು ರಜೆಯ ದಿನ ಕರೆಂಟು ಹೋದ ಹೊತ್ತಿನಲ್ಲಿ ಬಾಡಿಗೆ ಕೊಡಲು ಹೋದಾಗ ಕೈಕಟ್ಟಿ ಸುಮ್ಮನೆ ಕೂತಿದ್ದರು. ರೈಲು ಯಾಕೆ ಹೊರಟಿಲ್ಲ ಎಂದೆ.

"ಅಡುಗೆಮನೆ ಕಡೆಯಿಂದ ಉತ್ತರ ಬಂದಿಲ್ಲ."

"ಅಲ್ಲಿ ಯಾರಿದಾರೆ ಸಾರ್?"

"ನಾನೇ. ಮಂಡಿ ನೋವು, ಹೋಗಕ್ಕಾಗ್ತಿಲ್ಲ."

ನಕ್ಕೆ. ಮೇಲೆ ಬಂದು ಒಬ್ಬಳಿಗೆ ಅನ್ನಕ್ಕಿಟ್ಟಾಗ, ಅಂಥ ನಗೆಯ ವಿಷಯವೇನಲ್ಲ ಅನ್ನಿಸಿತು. ಆ ರಜೆಯ ದಿನ ಪೂರ್ತಿ ನಾನು ಮಾತಾಡಿದ್ದು ಅವರ ಜೊತೆ ಮಾತ್ರ, ಅದೂ ಇಷ್ಟೇ.

ಹಸಿರು ಕ್ರಾಂತಿ

ಅವರ ಹೆಸರು ಬೆಂಗಳೂರಿನ ರೈಲು ಹವ್ಯಾಸಿಗಳಲ್ಲಿ ದೊಡ್ಡದು. ಒಂದು ಭಾನುವಾರ ಹನ್ನೊಂದು ಜನ ಬಂದರು. ಹಳೇ ಸೀರೆಯನ್ನು ಗಂಜಿಯಲ್ಲಿ ಅದ್ದಿ ಮಾಡಿದ ಗುಡ್ಡ, ನೂಲು ಸುತ್ತುವ ಕಂಡಿಕೆಗಳ ಸೇತುವೆ, ಹಳಿ ಪಕ್ಕ ಜಲ್ಲಿಯ ಬದಲು ರಾಗಿ, ಎಲ್ಲದರ ಫೋಟೋ ತೆಗೆದರು. ರಾಗಿ ಮೇಲೆ ಗೋಂದಿನ ನೀರು ಚಿಮುಕಿಸಬೇಕು ಅನ್ನುವುದನ್ನು ಬರೆದುಕೊಂಡರು. ರಾಗಿಯನ್ನು ಮೊದಲು ಹುರಿಯಬೇಕು ಅಂತಲೂ ಹೇಳಬೇಕು ಅನ್ನುವುದು ನಮ್ಮ ಓನರಿಗೆ ಹೊಳೆಯಲೇ ಇಲ್ಲ.

ವಾರದೊಳಗೆ ಅವರಲ್ಲೊಬ್ಬರ ಫೋನು. ತಮ್ಮ ಹಳಿ ಉದ್ದಕ್ಕೂ ಹಸಿರು ಬಂದಿದೆ, ಬಹಳ ನ್ಯಾಚುರಲ್ ಆಗಿದೆ, ಸಾರ್ ಈ ಟೆಕ್ನಿಕ್ ಮೊದಲೇ ಯಾಕೆ ಹೇಳಲಿಲ್ಲ ಎಂದರು. ಈಗ ಅಲ್ಲಿ ಎಲ್ಲರೂ ಹಸಿ ರಾಗಿಯನ್ನೇ ಹಾಕುತ್ತಾರಂತೆ. ನಮ್ಮ ಓನರ್ ಫೋನಿಟ್ಟು, "ಅವರ ರೈಲಿಗಿಂತ ಮುಂಚೆ ಪೈರು ಬರುತ್ತೆ" ಅಂದರು. ಇನ್ನೊಂದು ಮಾತನ್ನೂ ಸೇರಿಸಿದರು: "ಹನ್ನೊಂದು ಜನ ಬಂದಿದ್ರು ಮೇಡಂ. ಅಡುಗೆಮನೆ ಗಂಟೆ ಒಬ್ಬರೂ ಮುಟ್ಟಲಿಲ್ಲ."

ಮೆಮೊ

ಮೊನ್ನೆ ಸಂಜೆ ಕಾಲೇಜಿಂದ ಬಂದು ಕಾಫಿ ಸೋಸಿಕೊಂಡೆ, ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಸುಮ್ಮನಾದವು. ಕೆಳಗೆ ಗಂಟೆ. ಉತ್ತರವಿಲ್ಲ. ಇನ್ನೊಮ್ಮೆ ಗಂಟೆ. ಮೂರನೇ ಸಲ ಬಾರಿಸಿದಾಗ ನನ್ನ ಕಾಲುಗಳು ತಾವೇ ಮೆಟ್ಟಿಲಿಳಿದವು. ಹಿತ್ತಲ ಬಾಗಿಲಿಂದ ಅಡುಗೆಮನೆ ಹೊಕ್ಕು, ಕೈಯಲ್ಲಿದ್ದುದನ್ನು ಕಟ್ಟೆ ಮೇಲಿಟ್ಟು ಗಂಟೆ ಬಾರಿಸಿದೆ.

ಬಹಳ ಹೊತ್ತಾದ ಮೇಲೆ ಸುರಂಗದೊಳಗೆ ಗಡಗಡ ಕೇಳಿಸಿತು. ಇಂಜಿನ್ ಬಂತು, ಸ್ಟೇಷನ್ನಿಗೆ ನುಗ್ಗಿತು, ನಾನು ಹಳಿಯ ಮೇಲೇ ಇಟ್ಟಿದ್ದ ಕಾಫಿ ಲೋಟಕ್ಕೆ ಹೊಡೆಯಿತು. ಮಾಕಳಿದುರ್ಗ ಪೂರ್ತಿ ಮುಳುಗಡೆ.

ಓನರ್ ಕುಂಟುತ್ತಾ ಬಂದರು. ನೋಡಿದರು. ಹಾಳೆ ತಂದು ಬರೆದು ಕೈಗೆ ಕೊಟ್ಟರು: 'ಲೈನಿನ ಮೇಲೆ ಕಾಫಿ ಇರುವಾಗ ಲೈನ್ ಕ್ಲಿಯರ್ ಕೊಟ್ಟಿದ್ದೇಕೆ? ವಿವರಣೆ ನೀಡತಕ್ಕದ್ದು.'

ಇಷ್ಟು ವರ್ಷದ ಸರ್ಕಾರಿ ನೌಕರಿಯಲ್ಲಿ ನನಗೆ ಬಂದ ಮೊದಲ ಮೆಮೊ. ಅಲ್ಲೇ ನಿಂತು ಬರೆದೆ: 'ಮೂರು ಸಲ ಗಂಟೆಯಾಯಿತು. ಯಾರೂ ಉತ್ತರಿಸಲಿಲ್ಲ. ತಡೆಯಲಾಗಲಿಲ್ಲ.'

ಅವರು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಒಂದು ಸೀರೆ ಡಬ್ಬಿ ತೆರೆದರು. ಅದರಲ್ಲಿ ಹೆಂಡತಿಯ ವಿವರಣೆಗಳೆಲ್ಲ ಜೋಪಾನವಾಗಿದ್ದವು. 'ಹಾಲು ಉಕ್ಕುತ್ತಿತ್ತು.' ಅದರ ಕೆಳಗೆ, 'ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಮುಂದೆಯೂ ಹೀಗೇ ಮಾಡುತ್ತೇನೆ.' ಎಲ್ಲದರ ಮೇಲೂ ಕೆಂಪು ಶಾಯಿಯಲ್ಲಿ, 'ಈ ಬಾರಿ ಮನ್ನಿಸಲಾಗಿದೆ.'

ನನ್ನದರ ಮೇಲೂ ಅದನ್ನೇ ಬರೆದು, ಡಬ್ಬಿಯಲ್ಲಿ ಎಲ್ಲಕ್ಕಿಂತ ಮೇಲಿಟ್ಟರು. "ನಾಳೆ ಕರೆಂಟು ಹೋದ ತಕ್ಷಣ ಡ್ಯೂಟಿಗೆ ಬನ್ನಿ."

"ಹೋಗದೇ ಇದ್ರೆ?"

"ಹೋಗುತ್ತೆ ಮೇಡಂ. ನಂಬಿಕೆ ಇಡಿ."

ಈಗ ಹಿತ್ತಲ ಬಾಗಿಲ ಹತ್ತಿರ ಮೂರನೇ ಸ್ಟೇಷನ್ ಎದ್ದಿದೆ. ಗಂಟೆ ಕಟ್ಟಿಯಾಗಿದೆ, ಸ್ಟೇಷನ್ ಮಾಸ್ಟರ್ ಹುದ್ದೆ ಖಾಲಿ. ನಿಮಗೆ ಬರಲಾಗದಿದ್ದರೆ, ಸಂಜೆ ಹೊತ್ತು ಮನೆಯಲ್ಲಿ ಸುಮ್ಮನೆ ಕೂತಿರುವವರು ಯಾರಾದರೂ ಗೊತ್ತಿದ್ದರೆ ಅವರ ಕಿವಿಗೆ ಹಾಕಿ. ಅನುಭವ ಬೇಡ. ಕಾಫಿ ಮಾತ್ರ ಮನೆಯಲ್ಲೇ ಕುಡಿದು ಬರಲಿ.