ಶ್! ದೋನ್ ಬೆನಿತೊ ಮಾತಾಡ್ತಿದ್ದಾನೆ!

ನಮ್ಮೂರು ಮರ್ಗಿಲಾನಿನಲ್ಲಿ ರೇಷ್ಮೆಯನ್ನು ಯಾರು ಬೇಕಾದರೂ ನೇಯ್ದಾರು. ಆದರೆ ಹಳೆಯ ಧಾರಾವಾಹಿಗಳ ಬಗ್ಗೆ ತೀರ್ಪು ಕೊಡಬೇಕಾದರೆ ಈ ಅಸ್ರೋರನೇ ಬೇಕು! ಇದು ಜಂಬವಲ್ಲ, ಊರೇ ಒಪ್ಪಿದ ಮಾತು. ಊರು ಎಂದರೆ ನಮ್ಮ ಗೆಳೆಯರ ಕೂಟ. ತಿಂಗಳಿಗೊಮ್ಮೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಮನೆಯ ಯಜಮಾನ ಪಲಾವ್ ಮಾಡಬೇಕು, ಉಳಿದವರು ತಿಂದು ಕೊಂಕು ತೆಗೆಯಬೇಕು. ಆ ಕೂಟದಲ್ಲಿ ಬಾಗಿಲಿನಿಂದ ಅತಿ ದೂರದ ಜಾಗ, ಅಂದರೆ ಗೌರವದ ಜಾಗ, ನನ್ನದು. ಬಾಗಿಲ ಪಕ್ಕದ ಜಾಗ ಟೀ ಬಗ್ಗಿಸುವವನದು. ಆ ಮೂಲೆಯನ್ನು ನಾನು ಕಣ್ಣೆತ್ತಿಯೂ ನೋಡಿದವನಲ್ಲ.

ನಟರಲ್ಲಿ ಚಕ್ರವರ್ತಿ ಯಾರು? ‘ಕಣ್ಣೀರಿನ ಕೋಟೆ’ಯ ದೋನ್ ಬೆನಿತೊ! ನನಗೆ ಮೀಸೆ ಚಿಗುರುತ್ತಿದ್ದ ಕಾಲದಲ್ಲಿ ಆ ಪರದೇಶದ ಧಾರಾವಾಹಿ ಸಂಜೆ ಸಂಜೆ ನಮ್ಮ ಭಾಷೆಯಲ್ಲಿ ಬರುತ್ತಿತ್ತು. ಆಗ ಬೀದಿಯಲ್ಲಿ ನರಪಿಳ್ಳೆಯೂ ಇರುತ್ತಿರಲಿಲ್ಲ. ಅವನ ನಿಲುವೇನು, ಹುಬ್ಬೇನು! ಎಲ್ಲಕ್ಕಿಂತ ಮಿಗಿಲಾಗಿ ಆ ದನಿ! ಈಗಲೂ ಫೋನಿನಲ್ಲಿ ಹಾಕಿಕೊಂಡು ಕೂರುತ್ತೇನೆ. ಹೆಂಡತಿ ಸಾನೊಬರ್ ಏನಾದರೂ ಹೇಳಲು ಬಂದರೆ ಕೈ ಎತ್ತುತ್ತೇನೆ.

"ರೀ, ಒಂದ್ ಮಾತು. ಈ ದೋನ್ ಬೆನಿತೊ ಇದಾನಲ್ಲ..."

"ಶ್! ಅವನು ಮಾತಾಡ್ತಿದ್ದಾನೆ!"

ಪಾಪ, ಅವಳಿಗೆ ಕಲೆಯ ಗಂಧವಿಲ್ಲ. ತವರಿನ ದೋಷ! ಅವಳಪ್ಪ ಅಂದಿಜಾನಿನಲ್ಲಿದ್ದಾರೆ. ಟಿವಿ ಹಾಕಿದರೆ ಕುಸ್ತಿ ಬಿಟ್ಟು ಬೇರೇನೂ ನೋಡುವುದಿಲ್ಲವಂತೆ. ಅಂತೆ ಎಂದೆ, ಏಕೆಂದರೆ ಅವರ ಜೊತೆ ನಾನು ಮಾತಾಡಿದ್ದೇ ಇಲ್ಲ. ನಮ್ಮಲ್ಲಿ ಅಳಿಯನಾದವನು ಮಾವನೆದುರು ಎದೆಗೆ ಕೈಯಿಟ್ಟು, ತಲೆ ಬಗ್ಗಿಸಿ, ಹಾಗೆಯೇ ಹಿಂದೆ ಸರಿದು ಮಾಯವಾಗಬೇಕು. ಅವರು "ಹ್ಞೂಂ" ಎನ್ನುತ್ತಾರೆ, ನಾನು ಅಡುಗೆಮನೆ ಸೇರುತ್ತೇನೆ. ಮದುವೆಯಾದಾಗಿನಿಂದ ನಮ್ಮ ಮಾತುಕತೆ ಇಷ್ಟೇ.

ಈ ಸಲದ ಕೂಟ ನಮ್ಮ ಮನೆಯಲ್ಲಿತ್ತು. ಅಂಗಳದ ಒಲೆಯ ಮೇಲೆ ಕಡಾಯಿ ಏರಿಸಿ, ಮಾಂಸ ಕೆಂಪಗಾಗಿಸಿ, ಅಕ್ಕಿ ಹಾಕಿದ್ದೆ. ಅಷ್ಟರಲ್ಲಿ ಹೋಶಿಮ್ ಕೆಣಕಿದ. ಇವನು ನನ್ನ ಗೆಳೆಯ, ಆಜನ್ಮ ವಿರೋಧ ಪಕ್ಷ. ಇವನ ಮೆಚ್ಚಿನ ನಟ ಹಳೆಯ ಸಿನಿಮಾಗಳ ಕುದುರೆ ಸವಾರ.

"ನಿನ್ ಬೆನಿತೊ ಅಳೋದ್ ಬಿಟ್ಟು ಇನ್ನೇನ್ ಮಾಡ್ತಾನೋ?"

"ನಿನ್ನವನಿಗಿಂತ ಅವನ ಕುದುರೆನೇ ಚೆನ್ನಾಗ್ ನಟಿಸುತ್ತೆ! ನನ್ ಬೆನಿತೊ ದನಿ ಕೇಳಿದ್ಯಾ? ಕಣ್ಣು ಕಟ್ಟಿದ್ರೂ ಸಾವಿರ ಜನರ ಮಧ್ಯೆ ಗುರುತು ಹಿಡೀತೀನಿ!"

"ಹಿಡೀ ನೋಡೋಣ. ಸೋತ್ರೆ?"

"ವರ್ಷಪೂರ್ತಿ ಬಾಗಿಲ ಹತ್ರ ಕೂತು ನಿಮಗೆಲ್ಲ ಟೀ ಬಗ್ಗಿಸ್ತೀನಿ!"

ಕೂಟವೆಲ್ಲ ಹೋ ಎಂದಿತು. ಸಾನೊಬರ್ ತನ್ನ ತಲೆವಸ್ತ್ರ ತಂದಳು. "ರೀ, ಬೇಡ ಕಣ್ರೀ. ನಾನ್ ಹೇಳೋದ್ ಸ್ವಲ್ಪ..." ಎಂದಳು. "ಶ್!" ಎಂದೆ. ಅವಳು ನನ್ನ ಕಣ್ಣಿಗೆ ಬಿಗಿಯಾಗಿ ಕಟ್ಟಿದಳು. ಅಗತ್ಯಕ್ಕಿಂತ ಬಿಗಿಯಾಗಿಯೇ ಕಟ್ಟಿದಳು.

ಹೋಶಿಮ್ ಫೋನಿನಲ್ಲಿ ‘ಕಣ್ಣೀರಿನ ಕೋಟೆ’ ಹಾಕಿದ. ಗಂಭೀರ ದನಿಯೊಂದು "ಮಗುವನ್ನು ನನ್ನ ಕೈಗೆ ಕೊಡಿ" ಎಂದಿತು.

"ಬೆನಿತೊ! ತಂದೆಯ ಹೃದಯ ನೋಡ್ರೋ!"

"ಹೆರಿಗೆ ಆಸ್ಪತ್ರೆಯ ಸೂಲಗಿತ್ತಿ ಕಣೋ!" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಇನ್ನೊಂದು ದನಿ ಬಂತು. "ಬೆನಿತೊ, ನೆಗಡಿಯಾಗಿದೆ ಅಷ್ಟೇ" ಎಂದೆ. ಅದು ಮೂಗಿಗೆ ಕರವಸ್ತ್ರವಿಟ್ಟು ಅಳುತ್ತಿದ್ದ ನಾಯಕಿಯದಂತೆ! ಮುಂದಿನದು ಎಂಬತ್ತು ದಾಟಿದ ಅಜ್ಜಿ. ಅವಳಲ್ಲಿಯೂ ನನಗೆ ಕಂಡದ್ದು ಚಕ್ರವರ್ತಿಯ ಗತ್ತೇ!

"ಲೇ, ಇಡೀ ಧಾರಾವಾಹಿಗೆ ದನಿ ಕೊಟ್ಟಿರೋದು ಒಬ್ಬನೇ ಗಂಡಸು!" ಎಂದು ಹೋಶಿಮ್ ಕಿರುಚಿದ.

ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು ಸ್ವಾಮಿ! ಆಗ ಪರದೇಶದ ಸರಕೆಲ್ಲ ನಮಗೆ ಹಾಗೇ ಬರುತ್ತಿತ್ತು. ಆದರೆ ನೋಡುತ್ತಾ ಕುಳಿತವನಿಗೆ ಅದು ನೆನಪಿರುತ್ತದೆಯೇ? ಕಣ್ಣು ಕಟ್ಟಿದ ಮೇಲೇ ನನ್ನ ಕಿವಿ ತೆರೆದದ್ದು. ಆದರೂ ಸೋಲೊಪ್ಪುವ ಜಾಯಮಾನ ನನ್ನದಲ್ಲ. "ಇನ್ನೊಂದು ಹಾಕೋ!" ಎಂದು ಗುಡುಗಿದೆ.

ಇದ್ದಕ್ಕಿದ್ದಂತೆ ನಗು ನಿಂತಿತು. ಎಲ್ಲರೂ ಎದ್ದು ನಿಂತ ಸದ್ದಾಯಿತು. ಆಮೇಲೆ, ಆಹಾ, ಆ ದನಿ! ಫೋನಿನ ಗೊರಗೊರ ಇಲ್ಲದೆ, ಎದೆಗೇ ಇಳಿಯುವ ಹಾಗೆ!

"ಕಡಾಯಿ ಹೊತ್ತಿ ಹೊಗೆ ಬೀದಿವರೆಗೂ ಬಂದಿದೆ. ಈ ಮನೇಲಿ ಗಂಡಸು ಅನ್ನೋನು ಯಾರೂ ಇಲ್ವಾ?"

ನಾನು ಕುಣಿದೆ. "ಇವನೇ! ಇವನೇ ದೋನ್ ಬೆನಿತೊ! ಏನ್ ಸಿಟ್ಟು, ಏನ್ ಗತ್ತು! ಕುಸ್ತಿ ಬಿಟ್ಟು ಬೇರೇನೂ ಗೊತ್ತಿಲ್ಲದ ನಮ್ ಮಾವನಂಥ ಒರಟು ಮನುಷ್ಯ ಕೂಡ ಈ ದನಿಗೆ ಟೋಪಿ ತೆಗೀಬೇಕು!"

ಸಾನೊಬರ್ ಮೆಲ್ಲಗೆ ಗಂಟು ಬಿಚ್ಚಿದಳು. ಎದುರಿಗೆ, ಕಂಕುಳಲ್ಲಿ ಒಂದೊಂದು ಕರಬೂಜ ಇಟ್ಟುಕೊಂಡು, ನನ್ನ ಮಾವ ಯೋರ್ಮತ್! ಎದೆಗೆ ಕೈ ಹೋಯಿತು, ತಲೆ ಬಗ್ಗಿತು. ಹಿಂದೆ ಸರಿದು ಮಾಯವಾಗಲು ನೋಡಿದೆ, ಹಿಂದೆ ಗೋಡೆಯಿತ್ತು.

"ಟೋಪಿ ತೆಗೀಲೇನಪ್ಪಾ?" ಎಂದರು ಮಾವ. "ಆಗ ಅಂದಿಜಾನಿನ ಸ್ಟುಡಿಯೋದಲ್ಲಿ ದನಿ ಕೊಡೋಕೆ ನಾನೊಬ್ನೇ ಇದ್ದಿದ್ದು. ಬೆನಿತೊನೂ ನಾನೇ, ಸೂಲಗಿತ್ತಿನೂ ನಾನೇ, ಅಜ್ಜಿನೂ ನಾನೇ. ನಾಯಿ ಮಾತ್ರ ತಾನೇ ಬೊಗಳ್ಕೊಳ್ತಿತ್ತು. ಅಷ್ಟು ಅತ್ತ ಮೇಲೆ ಯಾರಿಗೆ ಬೇಕಪ್ಪ ಧಾರಾವಾಹಿ? ಕುಸ್ತಿನೇ ವಾಸಿ."

ಹೇಳಲೇ? ಹೊತ್ತಿದ ಪಲಾವಿನ ಹೊಗೆಯ ನಡುವೆಯೂ ನನ್ನೆದೆ ಉಬ್ಬಿತು! ಮರ್ಗಿಲಾನಿನಿಂದ ಅಂದಿಜಾನಿನವರೆಗೆ ದೋನ್ ಬೆನಿತೊನ ಅಳಿಯ ಇನ್ನಾರಿದ್ದಾರೆ? ಹೋಶಿಮನತ್ತ ತಿರುಗಿದೆ. "ನೋಡಿದ್ಯಾ? ಗುರುತು ಹಿಡಿದ್ನೋ ಇಲ್ವೋ? ಗೆದ್ದೆ!"

"ಗೆದ್ದೆ ಕಣಪ್ಪಾ, ಗೆದ್ದೆ. ಹೋಗಿ ನಿನ್ ಜಾಗದಲ್ಲಿ ಕೂತ್ಕೋ" ಎಂದ ಹೋಶಿಮ್.

ತಿರುಗಿದರೆ ನನ್ನ ಜಾಗದಲ್ಲಿ ಮಾವ ಕುಳಿತಾಗಿತ್ತು. ಹಿರಿಯರು ಬಂದ ಮೇಲೆ ಅದು ಅವರದೇ. ಉಳಿದವರೂ ಸುತ್ತ ಒತ್ತಿಕೊಂಡು ಕುಳಿತಿದ್ದರು. ಖಾಲಿ ಉಳಿದದ್ದು ಒಂದೇ ಮೂಲೆ, ಬಾಗಿಲ ಪಕ್ಕದ್ದು. ಕುಳಿತೆ. ಯಾರೋ ಟೀ ಕುಡಿಕೆಯನ್ನು ನನ್ನ ಮುಂದೆ ಸರಿಸಿದರು.

ಮಾವ ಬೆನಿತೊನ ದನಿಯಲ್ಲೇ ಕೂಟಕ್ಕೆ ಏನೋ ಹೇಳತೊಡಗಿದ್ದರು. ಸಾನೊಬರ್ ರೊಟ್ಟಿ ತಂದಾಗ ಅವಳತ್ತ ಬಾಗಿ ಪಿಸುಗುಟ್ಟಿದೆ.

"ಇಷ್ಟು ವರ್ಷ ಒಂದ್ ಮಾತು ಹೇಳಬಾರದಿತ್ತೇನೇ? ನೀನ್ ಹೇಳಿದ್ದಿದ್ರೆ ನಾನು..."

ಅವಳು ತುಟಿಯ ಮೇಲೆ ಬೆರಳಿಟ್ಟಳು.

"ಶ್! ಅವನು ಮಾತಾಡ್ತಿದ್ದಾನೆ!"